ಅಧ್ಯಕ್ಷ ಪೀಠದಿಂದ ಬಂದ ಒಂದು ನಿಯಮ



ವಿಜ್ಞಾನದ ಚರಿತ್ರೆಯಲ್ಲಿ ನೀವು ಒಮ್ಮೆಯಾದರೂ ಕೇಳಿರಬಹುದಾದ ಒಂದು ಕಥೆಯಿದೆ. 1860ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ ವಿಜ್ಞಾನಿಗಳ ದೊಡ್ಡ ಅಧಿವೇಶನವೊಂದು ಸೇರಿತ್ತು. ಅಲ್ಲಿನ ಬಿಷಪ್ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್ ಎದ್ದು ನಿಂತು, ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿಯವರತ್ತ ತಿರುಗಿ, ಅವರು ಮಂಗನ ವಂಶಕ್ಕೆ ಸೇರಿರುವುದು ಅಜ್ಜನ ಕಡೆಯಿಂದಲೋ ಅಜ್ಜಿಯ ಕಡೆಯಿಂದಲೋ ಎಂದು ಕೇಳಿದರಂತೆ. ಹಕ್ಸ್‌ಲಿಯವರ ಉತ್ತರಕ್ಕೆ ಬಿಷಪ್ಪರು ತಲೆ ತಗ್ಗಿಸಿದರಂತೆ. ಅಂದಿನಿಂದ ವಿಜ್ಞಾನ ಗೆದ್ದು ಧರ್ಮ ಸೋತಿತಂತೆ.

ಈ ಮೂರು 'ಅಂತೆ'ಗಳನ್ನು ಬೇಕೆಂದೇ ಬಳಸಿದ್ದೇವೆ. ಆ ದಿನ ನಿಜವಾಗಿ ಏನು ನಡೆಯಿತು ಎಂದು ಹುಡುಕುತ್ತ ಹೋದರೆ, ಮಂಗನ ಮಾತಿಗಿಂತ ಹೆಚ್ಚು ನೆನಪಿಡಬೇಕಾದ ಇನ್ನೊಂದು ಮಾತು ನಮಗೆ ಸಿಗುತ್ತದೆ. ಅದನ್ನು ಆಡಿದವರು ಬಿಷಪ್ಪರೂ ಅಲ್ಲ, ಹಕ್ಸ್‌ಲಿಯೂ ಅಲ್ಲ. ಸಭೆಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದ ಒಬ್ಬ ಪಾದ್ರಿ.

ಸಭೆ ಯಾರದು?

ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಘ ಸ್ಥಾಪನೆಯಾದದ್ದು 1831ರಲ್ಲಿ, ಯಾರ್ಕ್ ನಗರದಲ್ಲಿ. ವರ್ಷಕ್ಕೊಮ್ಮೆ, ಪ್ರತಿ ಬಾರಿಯೂ ಬೇರೊಂದು ಊರಿನಲ್ಲಿ ಅಧಿವೇಶನ ಸೇರುವುದು ಅದರ ಪದ್ಧತಿ. ಭೂವಿಜ್ಞಾನ, ರಸಾಯನ ವಿಜ್ಞಾನ, ಸಸ್ಯ ಮತ್ತು ಪ್ರಾಣಿ ವಿಜ್ಞಾನ ಎಂದು ಹಲವು ವಿಭಾಗಗಳು. ಪ್ರತಿ ವಿಭಾಗದಲ್ಲೂ ಪ್ರಬಂಧ ಮಂಡನೆ, ಅನಂತರ ಚರ್ಚೆ. ವಿಜ್ಞಾನಿಗಳಷ್ಟೇ ಅಲ್ಲದೆ ಊರಿನ ಆಸಕ್ತ ಸ್ತ್ರೀಪುರುಷರೂ ಅಲ್ಲಿ ಬಂದು ಕೂರುತ್ತಿದ್ದರು.

ಆ ಕಾಲದ ಇಂಗ್ಲೆಂಡಿನಲ್ಲಿ ಧರ್ಮಗುರುಗಳು ಒಂದು ಕಡೆ, ವಿಜ್ಞಾನಿಗಳು ಇನ್ನೊಂದು ಕಡೆ ಎಂಬ ಗೋಡೆ ಇರಲಿಲ್ಲವೆಂಬುದನ್ನು ನೀವು ಗಮನಿಸಬೇಕು. 'ವಿಜ್ಞಾನಿ' ಎಂಬ ಅರ್ಥದ ಇಂಗ್ಲಿಷ್ ಪದವನ್ನು ಟಂಕಿಸಿದ ವಿಲಿಯಂ ಹ್ಯೂವೆಲ್ ಸ್ವತಃ ಪಾದ್ರಿ. ವಿಲಿಯಂ ಪೇಲಿ ಎಂಬ ಇನ್ನೊಬ್ಬ ಪಾದ್ರಿ 1802ರಲ್ಲಿ ಪ್ರಕಟಿಸಿದ ಗ್ರಂಥದ ವಾದ ಅಂದಿನ ವಿದ್ಯಾವಂತರಿಗೆಲ್ಲ ಪರಿಚಿತವಾಗಿತ್ತು: ಗಡಿಯಾರವನ್ನು ಕಂಡರೆ ಗಡಿಯಾರ ಮಾಡಿದವನೊಬ್ಬನಿದ್ದಾನೆಂದು ಊಹಿಸುತ್ತೇವೆ, ಹಾಗೆಯೇ ಕಣ್ಣಿನಂಥ ಸೂಕ್ಷ್ಮ ಅಂಗವನ್ನು ಕಂಡರೆ ಅದನ್ನು ರಚಿಸಿದ ಸೃಷ್ಟಿಕರ್ತನನ್ನು ಊಹಿಸಬೇಕು. ಜೀವಿಗಳನ್ನು ಅಧ್ಯಯನ ಮಾಡುವುದೆಂದರೆ ದೇವರ ಕೈಬರಹವನ್ನು ಓದುವುದು ಎಂದು ನಂಬಿ ಕೆಲಸ ಮಾಡಿದವರು ಅನೇಕರು. ಬಿಷಪ್ ವಿಲ್ಬರ್‌ಫೋರ್ಸ್ ಕೂಡ ಗಣಿತದಲ್ಲಿ ಪ್ರಥಮ ದರ್ಜೆ ಪಡೆದವರು, ಸಂಘದ ಸದಸ್ಯರು. ಆದ್ದರಿಂದ ವಿಜ್ಞಾನದ ಸಭೆಯಲ್ಲಿ ಬಿಷಪ್ಪರು ಮಾತನಾಡಿದ್ದು ಅತಿಕ್ರಮಣವೇನೂ ಆಗಿರಲಿಲ್ಲ. ಅವರು ಯಾವ ಬಗೆಯ ಮಾತನ್ನು ತಂದರು ಎಂಬುದಷ್ಟೇ ಪ್ರಶ್ನೆ.

ಪುಸ್ತಕ ಬಂದ ಏಳು ತಿಂಗಳ ಮೇಲೆ

ಚಾರ್ಲ್ಸ್ ಡಾರ್ವಿನ್ನರ 'ಜೀವಿಜಾತಿಗಳ ಉಗಮ' ಪ್ರಕಟವಾದದ್ದು 1859ರ ನವೆಂಬರ್ 24ರಂದು. ಮೊದಲ ಮುದ್ರಣದ ಪ್ರತಿಗಳು 1250. ಒಂದೇ ಜಾತಿಯ ಜೀವಿಗಳಲ್ಲೂ ಸಣ್ಣ ವ್ಯತ್ಯಾಸಗಳಿರುತ್ತವೆ. ಹುಟ್ಟುವುವೆಲ್ಲ ಬದುಕಿ ಉಳಿಯುವುದಿಲ್ಲ. ಪರಿಸರಕ್ಕೆ ಹೊಂದುವ ವ್ಯತ್ಯಾಸವುಳ್ಳವು ಹೆಚ್ಚಾಗಿ ಉಳಿದು ಸಂತಾನ ಬೆಳೆಸುತ್ತವೆ. ಹೀಗೆ ಬಹು ದೀರ್ಘ ಕಾಲದಲ್ಲಿ ಹೊಸ ಜಾತಿಗಳು ರೂಪುಗೊಳ್ಳುತ್ತವೆ. ಇದನ್ನೇ ನಾವು ನಿಸರ್ಗದ ಆಯ್ಕೆ ಎನ್ನುತ್ತೇವೆ. ಮನುಷ್ಯನ ಹುಟ್ಟಿನ ಬಗ್ಗೆ ಆ ಪುಸ್ತಕ ಹೆಚ್ಚೇನೂ ಹೇಳಿರಲಿಲ್ಲ. ಆದರೂ ಓದಿದವರೆಲ್ಲರ ಮನಸ್ಸು ಮೊದಲು ಹೋದದ್ದು ಅಲ್ಲಿಗೇ.

1860ರ ಅಧಿವೇಶನ ಸೇರಿದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹೊಸ ವಸ್ತುಸಂಗ್ರಹಾಲಯದ ಕಟ್ಟಡದಲ್ಲಿ. ವಿಶ್ವವಿದ್ಯಾಲಯದ ಮುದ್ರಣಾಲಯ ಬೈಬಲ್ ಮಾರಿ ಗಳಿಸಿದ ಲಾಭದಿಂದ ಆ ಕಟ್ಟಡಕ್ಕೆ ಹಣ ಒದಗಿತ್ತೆಂಬುದು ಸ್ವಾರಸ್ಯದ ಸಂಗತಿ. ಜೂನ್ 28ರ ಗುರುವಾರವೇ ಕಾವು ಏರಿತು. ಪ್ರಸಿದ್ಧ ಅಂಗರಚನಾ ತಜ್ಞ ರಿಚರ್ಡ್ ಓವನ್, ಗೊರಿಲ್ಲಾದ ಮಿದುಳಿಗೂ ಮನುಷ್ಯನ ಮಿದುಳಿಗೂ ಇರುವ ಅಂತರ ಬಹಳ ದೊಡ್ಡದು ಎಂದರು. ಹಕ್ಸ್‌ಲಿ ಎದ್ದು ಅದನ್ನು ನೇರವಾಗಿ ನಿರಾಕರಿಸಿದರು; ಪುರಾವೆಯನ್ನು ಬೇರೆಡೆ ಕೊಡುವೆನೆಂದರು. ಮರುವರ್ಷ ಲೇಖನ ಬರೆದು ಕೊಟ್ಟರು ಕೂಡ.

ಶನಿವಾರದ ಸಭೆ

ಜೂನ್ 30ರ ಶನಿವಾರ ಬಿಷಪ್ಪರು ಮಾತನಾಡುತ್ತಾರೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಗೊತ್ತುಪಡಿಸಿದ್ದ ಕೊಠಡಿ ಸಾಲದೆ ಸಭೆಯನ್ನು ದೊಡ್ಡ ಸಭಾಂಗಣಕ್ಕೆ ಬದಲಾಯಿಸಬೇಕಾಯಿತು. 700ಕ್ಕೂ ಹೆಚ್ಚು ಜನ ಸೇರಿದ್ದರೆಂದು ಅಂದಾಜು. ಡಾರ್ವಿನ್ ಬಂದಿರಲಿಲ್ಲ, ಅನಾರೋಗ್ಯದಿಂದ ರಿಚ್‌ಮಂಡ್ ಬಳಿ ಜಲಚಿಕಿತ್ಸೆಯಲ್ಲಿದ್ದರು. ನ್ಯೂಯಾರ್ಕಿನಿಂದ ಬಂದಿದ್ದ ಜಾನ್ ವಿಲಿಯಂ ಡ್ರೇಪರ್, ಯೂರೋಪಿನ ಬೌದ್ಧಿಕ ಬೆಳವಣಿಗೆಗೆ ಡಾರ್ವಿನ್ನರ ವಿಚಾರವನ್ನು ಅನ್ವಯಿಸಿ ಒಂದು ಗಂಟೆಗೂ ಮೀರಿ ಪ್ರಬಂಧ ಓದಿದರು. ಜನ ಕಾದಿದ್ದುದು ಅದಕ್ಕಲ್ಲ, ಅನಂತರದ ಚರ್ಚೆಗೆ.

ಅಧ್ಯಕ್ಷ ಪೀಠದಲ್ಲಿದ್ದವರು ಜಾನ್ ಸ್ಟೀವನ್ಸ್ ಹೆನ್ಸ್‌ಲೋ. ಕೇಂಬ್ರಿಜ್‌ನಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರು, ಹಿಚಮ್ ಎಂಬ ಹಳ್ಳಿಯ ಪಾದ್ರಿ, ಡಾರ್ವಿನ್ನರ ಗುರು. 1831ರಲ್ಲಿ 'ಬೀಗಲ್' ಹಡಗಿನ ಪ್ರಯಾಣಕ್ಕೆ ಡಾರ್ವಿನ್ನರ ಹೆಸರನ್ನು ಸೂಚಿಸಿದವರು ಅವರೇ. ಆದರೆ ಶಿಷ್ಯನ ಸಿದ್ಧಾಂತವನ್ನು ಗುರುಗಳು ಪೂರ್ತಿ ಒಪ್ಪಿರಲಿಲ್ಲ. ಇಂಥವರು ಚರ್ಚೆಯ ಆರಂಭದಲ್ಲೇ ಒಂದು ನಿಯಮ ಹಾಕಿದರು: ಒಂದು ಪಕ್ಷಕ್ಕಾಗಲಿ ಇನ್ನೊಂದು ಪಕ್ಷಕ್ಕಾಗಲಿ, ಯೋಗ್ಯವಾದ ವಾದವಿದ್ದವರು ಮಾತ್ರ ಮಾತನಾಡಬೇಕು. ಆಮೇಲೆ ಬರಿಯ ಆವೇಶದ ಭಾಷಣಕ್ಕೆ ಇಳಿದ ನಾಲ್ವರನ್ನು ಅವರು ಅರ್ಧಕ್ಕೇ ನಿಲ್ಲಿಸಿದರೆಂದು ಪ್ರತ್ಯಕ್ಷದರ್ಶಿಯೊಬ್ಬರು ಹೇಳಿದ್ದಾರೆ.

ಬಿಷಪ್ಪರಿಗೆ ಮಾತನಾಡುವ ಅವಕಾಶ ಸಿಕ್ಕಿತು. ಅವರು ಸುಮಾರು ಅರ್ಧ ಗಂಟೆ ಮಾತನಾಡಿದರು. ಅವರ ಮಾತು ಪೂರ್ತಿ ಟೊಳ್ಳಾಗಿರಲಿಲ್ಲ. ಪಾರಿವಾಳಗಳಲ್ಲಿ ಎಷ್ಟು ತಳಿಗಳನ್ನು ಬೆಳೆಸಿದರೂ ಅವು ಪಾರಿವಾಳಗಳಾಗಿಯೇ ಉಳಿದಿವೆಯಲ್ಲ? ಈಜಿಪ್ಟಿನ ಪ್ರಾಚೀನ ಅವಶೇಷಗಳಲ್ಲಿ ಕಾಣುವ ಜೀವಿಗಳು ಇಂದಿನವುಗಳಂತೆಯೇ ಇವೆಯಲ್ಲ? ಬೇರೆ ಜಾತಿಗಳ ಮಿಶ್ರಸಂತಾನ ಬಂಜೆಯಾಗುವುದೇಕೆ? ಇವು ನಿಜವಾದ ಪ್ರಶ್ನೆಗಳು. ಇದೇ ಧಾಟಿಯಲ್ಲಿ ಬಿಷಪ್ಪರು ಬರೆದ ವಿಮರ್ಶೆ ಅದೇ ಜುಲೈ ತಿಂಗಳಲ್ಲಿ ಪ್ರಕಟವಾದಾಗ, ತಮ್ಮ ವಾದದ ದುರ್ಬಲ ಜಾಗಗಳನ್ನು ಜಾಣತನದಿಂದ ಹೆಕ್ಕಿದ್ದಾರೆಂದು ಡಾರ್ವಿನ್ನರೇ ಒಪ್ಪಿಕೊಂಡರು. ಆದರೆ ವಾದದ ಕೊನೆಯಲ್ಲಿ ಬಿಷಪ್ಪರು ಬೇರೊಂದು ನೆಲಕ್ಕೆ ಜಾರಿದರು. ಮನುಷ್ಯ ಮೃಗದಿಂದ ಬಂದನೆಂಬುದು ಅವನ ಘನತೆಗೆ ಕುಂದು, ಆದ್ದರಿಂದ ಅದು ಒಪ್ಪತಕ್ಕದ್ದಲ್ಲ ಎಂಬುದು ಅವರ ನಿಲುವು. ಮಂಗನ ಹಾಸ್ಯ ಬಂದದ್ದೂ ಈ ಜಾಡಿನಲ್ಲೇ.

ಹಕ್ಸ್‌ಲಿಗೆ ಆಗ 35 ವರ್ಷ. ಅವರು ತಮ್ಮ ಉತ್ತರವನ್ನು ಕೆಲವು ವಾರಗಳ ನಂತರ ಸ್ನೇಹಿತರಿಗೆ ಬರೆದ ಪತ್ರದಲ್ಲಿ ನೆನೆದಿದ್ದಾರೆ. ಗಂಭೀರವಾದ ವಿಜ್ಞಾನದ ಚರ್ಚೆಯೊಳಗೆ ಅಪಹಾಸ್ಯವನ್ನು ತರಲು ತನ್ನ ಪ್ರತಿಭೆ ಪ್ರಭಾವಗಳನ್ನು ಬಳಸುವ ಮನುಷ್ಯನಿಗಿಂತ ಮಂಗವೇ ಅಜ್ಜನಾಗಿರುವುದು ಮೇಲು ಎಂಬುದು ಅದರ ಸಾರ. ಅನಂತರ ರಾಬರ್ಟ್ ಫಿಟ್ಸ್‌ರಾಯ್ ಮಾತನಾಡಿದರು. 'ಬೀಗಲ್' ಹಡಗಿನ ಕಪ್ತಾನರಾಗಿದ್ದ ಅವರು ಹವಾಮಾನ ವಿಜ್ಞಾನದ ಪ್ರವರ್ತಕರಲ್ಲೊಬ್ಬರು. ಬಿರುಗಾಳಿಗಳ ಬಗ್ಗೆ ಪ್ರಬಂಧ ಓದಲು ಅದೇ ಅಧಿವೇಶನಕ್ಕೆ ಬಂದಿದ್ದರು. ಈ ಪುಸ್ತಕ ಪ್ರಕಟವಾದದ್ದಕ್ಕೆ ವಿಷಾದಿಸುವೆನೆಂದರು. ಬೈಬಲನ್ನು ಎತ್ತಿ ಹಿಡಿದು ಸಭೆಯನ್ನು ಬೇಡಿಕೊಂಡರೆಂದು ಕೆಲವರ ನೆನಪು. ಕೊನೆಗೆ ಎದ್ದವರು ಸಸ್ಯವಿಜ್ಞಾನಿ ಜೋಸೆಫ್ ಹುಕರ್. ಹಿಮಾಲಯದ ಕಾಡುಗಳಲ್ಲಿ ತಿರುಗಿ ನಮ್ಮ ದೇಶದ ಸಸ್ಯಗಳನ್ನು ಅಧ್ಯಯನ ಮಾಡಿದವರು ಇವರೇ. ಡಾರ್ವಿನ್ನರ ವಿಚಾರ ತಮಗೆ 15 ವರ್ಷಗಳಿಂದ ಗೊತ್ತು, ಮೊದಲು ತಾವು ಅದನ್ನು ಒಪ್ಪಿರಲಿಲ್ಲ, ಆದರೆ ಜಗತ್ತಿನ ಸಸ್ಯಗಳ ಹಂಚಿಕೆಯಲ್ಲಿ ಅರ್ಥವಾಗದಿದ್ದ ಸಂಗತಿಗಳು ಅದರಿಂದ ಅರ್ಥವಾದವು ಎಂದು ವಿವರಿಸಿದರು.

ಗೆದ್ದವರು ಯಾರು?

ಈಗ ಚರಿತ್ರಕಾರರ ಕೆಲಸ ಹೇಗೆ ನಡೆಯುತ್ತದೆಂದು ನೋಡಿ. ಅಂದಿನ ಮಾತುಗಳನ್ನು ಯಥಾವತ್ತಾಗಿ ಬರೆದಿಟ್ಟ ದಾಖಲೆಯಿಲ್ಲ. ಆ ಕಾಲದ 'ಅಥೀನಿಯಂ' ಪತ್ರಿಕೆಯ ವಿಸ್ತಾರವಾದ ವರದಿಯಲ್ಲಿ ಮಂಗನ ಮಾತುಕತೆಯೇ ಕಾಣುವುದಿಲ್ಲ. ನಾವೆಲ್ಲ ಕೇಳಿರುವ ನಾಟಕೀಯ ರೂಪಕ್ಕೆ ಮುಖ್ಯ ಆಧಾರವೆಂದರೆ 1898ರಲ್ಲಿ, ಅಂದರೆ 38 ವರ್ಷಗಳ ಮೇಲೆ, ಒಂದು ಮಾಸಪತ್ರಿಕೆಯಲ್ಲಿ ಬಂದ ನೆನಪಿನ ಬರಹ. ಬಿಷಪ್ಪರು ಮೂರು ದಿನಗಳ ನಂತರ ಬರೆದ ಪತ್ರದಲ್ಲಿ, ಹಕ್ಸ್‌ಲಿಯನ್ನು ತಾವು ಚೆನ್ನಾಗಿ ಸೋಲಿಸಿದೆವೆಂದು ಬರೆದುಕೊಂಡರು. ಹಕ್ಸ್‌ಲಿ ತಾವು ಗೆದ್ದೆವೆಂದುಕೊಂಡರು. ಹುಕರ್ ಡಾರ್ವಿನ್ನರಿಗೆ ಬರೆದ ಪತ್ರದಲ್ಲಿ, ಹಕ್ಸ್‌ಲಿಯ ದನಿ ಅಷ್ಟು ದೊಡ್ಡ ಸಭೆಗೆ ಕೇಳಿಸಲೇ ಇಲ್ಲ, ಬಿಷಪ್ಪರನ್ನು ಮಣಿಸಿದ್ದು ನಾನು ಎಂದರು. ಒಂದೇ ಸಭೆ, ಮೂವರು ವಿಜಯಿಗಳು!

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಹೆನ್ಸ್‌ಲೋ ಅವರ ನಿಯಮದ ಸುದ್ದಿಯೂ ನಮಗೆ ಬಂದಿರುವುದು ಡಾರ್ವಿನ್ನರ ಮಗ 1887ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಸೇರಿರುವ ಒಂದು ನೆನಪಿನಿಂದಲೇ. ಆದರೆ ಆ ನೆನಪು ಯಾರ ಗೆಲುವನ್ನೂ ಸಾರುವುದಿಲ್ಲ. ಎರಡೂ ಪಕ್ಷಗಳಿಗೆ ಒಂದೇ ಅಳತೆಗೋಲನ್ನು ಹಿಡಿದ ಅಧ್ಯಕ್ಷರೊಬ್ಬರನ್ನು ತೋರಿಸುತ್ತದೆ.

ಆ ಅಳತೆಗೋಲಿನ ಬೆಲೆ ಗೊತ್ತಾಗುವುದು ಮುಂದಿನ ಘಟನೆಗಳಿಂದ. ಒಂದು ಬಗೆಯ ಜೀವಿಯಿಂದ ಇನ್ನೊಂದಕ್ಕೆ ಸೇತುವೆಯಂತಿರುವ ಪಳೆಯುಳಿಕೆ ಎಲ್ಲಿ ಎಂಬುದು ಡಾರ್ವಿನ್ನರ ಟೀಕಾಕಾರರ ಒಂದು ದೊಡ್ಡ ಪ್ರಶ್ನೆ. ಮರುವರ್ಷವೇ, 1861ರಲ್ಲಿ, ಜರ್ಮನಿಯ ಬವೇರಿಯಾದ ಸುಣ್ಣಕಲ್ಲಿನಲ್ಲಿ ಆರ್ಕಿಯಾಪ್ಟೆರಿಕ್ಸ್ ಸಿಕ್ಕಿತು: ಹಕ್ಕಿಯ ಗರಿ, ಸರೀಸೃಪದ ಉದ್ದ ಬಾಲ. ವ್ಯತ್ಯಾಸಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಸಾಗುತ್ತವೆ ಎಂಬುದಕ್ಕೆ ಡಾರ್ವಿನ್ನರಲ್ಲಿ ಸರಿಯಾದ ಉತ್ತರವಿರಲಿಲ್ಲ. ಅದಕ್ಕೆ ದಾರಿ ತೋರಿದ ಬಟಾಣಿ ಗಿಡಗಳ ಪ್ರಯೋಗವನ್ನು 1866ರಲ್ಲಿ ಪ್ರಕಟಿಸಿದವರು ಗ್ರೆಗರ್ ಮೆಂಡೆಲ್, ಒಬ್ಬ ಕ್ರೈಸ್ತ ಸನ್ಯಾಸಿ. ಬಿಷಪ್ಪರ ಪ್ರಶ್ನೆಗಳಲ್ಲಿ ವಾದವಿದ್ದ ಭಾಗ ವಿಜ್ಞಾನವನ್ನು ಮುಂದಕ್ಕೆ ನಡೆಸಿತು. ಘನತೆಗೆ ಕುಂದು ಎಂಬ ಭಾಗಕ್ಕೆ ಯಾವ ಪಳೆಯುಳಿಕೆಯೂ ಉತ್ತರ ಹೇಳಲಾರದು. ಏಕೆಂದರೆ ಅದು ಪುರಾವೆಯಿಂದ ಹುಟ್ಟಿದ ಪ್ರಶ್ನೆಯೇ ಅಲ್ಲ.

ಸಹಿ ಸಂಗ್ರಹ ಮತ್ತು ಅಧ್ಯಕ್ಷ ಭಾಷಣ

ನಾಲ್ಕು ವರ್ಷಗಳ ನಂತರ ಈ ಒತ್ತಡ ಬೇರೊಂದು ರೂಪದಲ್ಲಿ ಬಂತು. 1864ರಲ್ಲಿ ಲಂಡನ್ನಿನ ಕೆಲವು ಯುವ ರಸಾಯನ ವಿಜ್ಞಾನಿಗಳು ಒಂದು ಘೋಷಣೆಯನ್ನು ಸಿದ್ಧಪಡಿಸಿ ವಿಜ್ಞಾನಿಗಳಿಗೆಲ್ಲ ಕಳುಹಿಸಿದರು. ದೇವರ ವಾಕ್ಯಕ್ಕೂ ನಿಸರ್ಗದ ಸತ್ಯಕ್ಕೂ ವಿರೋಧ ಬರಲಾರದೆಂದು ಅದರಲ್ಲಿ ಸಹಿ ಹಾಕಬೇಕಿತ್ತು. 717 ಮಂದಿ ಸಹಿ ಹಾಕಿದರು. ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ನಿರಾಕರಿಸಿದರು. ಅವರು ನಾಸ್ತಿಕರಲ್ಲ, ದೈವಭಕ್ತರು. ನಿಸರ್ಗದ ಆಯ್ಕೆಯನ್ನು ಮೆಚ್ಚಿದವರೂ ಅಲ್ಲ. ಆದರೂ, ವಿಜ್ಞಾನಿಗಳಿಂದ ಬಹಿರಂಗವಾಗಿ ಶ್ರದ್ಧೆಯ ಸಹಿ ಕೇಳುವುದು ಹೊಸ ಒಡಕಿಗೆ ಕಾರಣವಾಗುತ್ತದೆಂದು ಪತ್ರಿಕೆಗೆ ಬರೆದು ತಿಳಿಸಿದರು. ಸಹಿ ಹಾಕದವನು ಸುಮ್ಮನಿದ್ದರೂ ಸಂಶಯಕ್ಕೆ ಗುರಿಯಾಗುತ್ತಾನೆ. ಪ್ರಯೋಗಶಾಲೆಯ ಬಾಗಿಲಲ್ಲಿ ಪುರಾವೆಯ ಬದಲು ನಂಬಿಕೆಯ ಪ್ರಮಾಣಪತ್ರ ಕೇಳಿದಂತಾಗುತ್ತದೆ.

ತಪ್ಪು ಒಂದೇ ಕಡೆಯಿಂದ ನಡೆಯಿತೆಂದು ತಿಳಿಯಬೇಡಿ. 1874ರ ಆಗಸ್ಟ್ 19ರಂದು ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಇದೇ ಸಂಘದ ಅಧ್ಯಕ್ಷರಾಗಿ ಭೌತವಿಜ್ಞಾನಿ ಜಾನ್ ಟಿಂಡಲ್ ಭಾಷಣ ಮಾಡಿದರು. ವಿಶ್ವದ ಉಗಮ ಸ್ವರೂಪಗಳನ್ನು ಕುರಿತ ಇಡೀ ಕ್ಷೇತ್ರವನ್ನು ವಿಜ್ಞಾನವು ದೇವತಾಶಾಸ್ತ್ರದ ಕೈಯಿಂದ ತೆಗೆದುಕೊಳ್ಳುತ್ತದೆ ಎಂದು ಸಾರಿದರು. ಅದೇ ಅಧಿವೇಶನಕ್ಕೆ ರಾಬರ್ಟ್ ವಾಟ್ಸ್ ಎಂಬ ಸ್ಥಳೀಯ ದೇವತಾಶಾಸ್ತ್ರ ಪ್ರಾಧ್ಯಾಪಕರು, ವಿಜ್ಞಾನ ಮತ್ತು ಧರ್ಮಗಳ ನಡುವೆ ಸಹಕಾರ ಕೋರುವ ಪ್ರಬಂಧವನ್ನು ಕಳುಹಿಸಿದ್ದರು, ಅದನ್ನು ಸ್ವೀಕರಿಸಿರಲಿಲ್ಲ. ಹೀಗಾಗಿ ಉತ್ತರಗಳು ಬಂದದ್ದು ಚರ್ಚಿನ ವೇದಿಕೆಗಳಿಂದ. ಐರ್ಲೆಂಡಿನ ಕ್ಯಾಥೊಲಿಕ್ ಬಿಷಪ್ಪರು ಖಂಡನೆಯ ಪತ್ರವನ್ನೇ ಹೊರಡಿಸಿದರು. ಪ್ರಶ್ನೆ ಕೇಳಲು ಅವಕಾಶವಿಲ್ಲದ ವೇದಿಕೆಯಿಂದ ಹೊರಟ ಮಾತು, ಅದು ಯಾರದೇ ಆಗಿರಲಿ, ಪ್ರವಚನವಾಗಿಬಿಡುತ್ತದೆ.

ಅಮೆರಿಕದಲ್ಲಿ ಈ ವಾದ ಇಪ್ಪತ್ತನೆಯ ಶತಮಾನದಲ್ಲಿ ಬಲವಾಗಿ ಬೆಳೆಯಿತು. 1970ರ ದಶಕದಲ್ಲಿ ಸೃಷ್ಟಿವಾದದ ಪ್ರಚಾರಕರು ಕಾಲೇಜುಗಳಲ್ಲಿ ಬಹಿರಂಗ ವಾದಸಭೆಗಳನ್ನು ನಡೆಸಿದರು. ಹತ್ತು ನಿಮಿಷದಲ್ಲಿ ಇಪ್ಪತ್ತು ಆಕ್ಷೇಪಗಳನ್ನು ಎಸೆದರೆ, ಅವುಗಳಲ್ಲಿ ಒಂದೊಂದಕ್ಕೆ ಉತ್ತರ ಹೇಳಲು ಒಂದೊಂದು ಗಂಟೆ ಬೇಕು. ಸಭಿಕರ ಚಪ್ಪಾಳೆ ಅಷ್ಟು ಹೊತ್ತು ಕಾಯುವುದಿಲ್ಲ. ಅದೇ ವಾದ 2005ರಲ್ಲಿ, 'ಬುದ್ಧಿಪೂರ್ವಕ ವಿನ್ಯಾಸ' ಎಂಬ ಹೊಸ ಹೆಸರಿನಲ್ಲಿ, ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲೆಯ ಮೊಕದ್ದಮೆಯಾಗಿ ನ್ಯಾಯಾಲಯಕ್ಕೆ ಬಂದಾಗ ಚಿತ್ರ ಬದಲಾಯಿತು. ಅಲ್ಲಿ ಒಂದೊಂದು ಹೇಳಿಕೆಗೂ ಪಾಟೀಸವಾಲು ಉಂಟು. ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್, ಅದು ವಿಜ್ಞಾನವಲ್ಲ, ಧಾರ್ಮಿಕ ವಿಚಾರ ಎಂದು ತೀರ್ಪಿತ್ತರು.

ನಮ್ಮ ದೇಶದ ವೇದಿಕೆ

ಇದೆಲ್ಲ ದೂರದ ಕಥೆ ಎನಿಸಬಹುದು. ಆದರೆ ನಮ್ಮ ಭಾರತೀಯ ವಿಜ್ಞಾನ ಕಾಂಗ್ರೆಸ್ ಹುಟ್ಟಿದ್ದೇ ಬ್ರಿಟಿಷ್ ಅಸೋಸಿಯೇಷನ್ನಿನ ಮಾದರಿಯಲ್ಲಿ. ಸೈಮನ್‌ಸನ್ ಮತ್ತು ಮ್ಯಾಕ್‌ಮಹೋನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳ ಪ್ರಯತ್ನದಿಂದ ಅದರ ಮೊದಲ ಅಧಿವೇಶನ 1914ರಲ್ಲಿ ಕಲ್ಕತ್ತೆಯಲ್ಲಿ ಸೇರಿತು. ಆ ಮಾದರಿಯ ಜತೆಗೆ ಅದೇ ಪರೀಕ್ಷೆಯೂ ನಮ್ಮ ಪಾಲಿಗೆ ಬಂತು. 2015ರ ಜನವರಿಯಲ್ಲಿ ಮುಂಬಯಿ ಅಧಿವೇಶನದ ಒಂದು ಗೋಷ್ಠಿಯಲ್ಲಿ, ಪ್ರಾಚೀನ ಕಾಲದಲ್ಲೇ ನಮ್ಮಲ್ಲಿ ವಿಮಾನಗಳಿದ್ದವೆಂಬ ಉಪನ್ಯಾಸ ನಡೆಯಿತು. ಅದಕ್ಕೆ ಆಧಾರವಾಗಿ ಹೆಸರಿಸಿದ್ದು 'ವೈಮಾನಿಕ ಶಾಸ್ತ್ರ'. 2019ರ ಜನವರಿಯಲ್ಲಿ ಪಂಜಾಬಿನ ಅಧಿವೇಶನದಲ್ಲಿ ವಿಶ್ವವಿದ್ಯಾಲಯವೊಂದರ ಕುಲಪತಿಗಳು, ಕೌರವರು ಪ್ರನಾಳ ಶಿಶುಗಳೆಂದರು. ಕೇಳುತ್ತಿದ್ದವರು ಮಕ್ಕಳ ವಿಜ್ಞಾನ ಕಾಂಗ್ರೆಸ್ಸಿಗೆ ಬಂದಿದ್ದ, ನಿಮ್ಮದೇ ವಯಸ್ಸಿನ ವಿದ್ಯಾರ್ಥಿಗಳು.

'ವೈಮಾನಿಕ ಶಾಸ್ತ್ರ'ಕ್ಕೂ ನಮ್ಮ ನಾಡಿಗೂ ಹತ್ತಿರದ ನಂಟಿದೆ. ಅದನ್ನು ಹೇಳಿ ಬರೆಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ಇಂಗ್ಲಿಷಿಗೆ ತಂದವರು ಮೈಸೂರಿನ ಜಿ.ಆರ್. ಜೋಸ್ಯರ್. ಮುಂಬಯಿಯ ಉಪನ್ಯಾಸಕ್ಕೆ 41 ವರ್ಷ ಮೊದಲೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ಆ ಗ್ರಂಥವನ್ನು ಪರೀಕ್ಷಿಸಿದ್ದರು. ಅವರು ಅದನ್ನು ನಕ್ಕು ಬದಿಗಿಡಲಿಲ್ಲ. ಭಕ್ತಿಯಿಂದ ತಲೆಯ ಮೇಲೂ ಹೊರಲಿಲ್ಲ. ಗ್ರಂಥ ಬಂದ ಬಗೆಯನ್ನು ವಿಚಾರಿಸಿದರು, ಅದರ ಸಂಸ್ಕೃತದ ರೀತಿಯನ್ನು ನೋಡಿದರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ಚಿತ್ರ ಮತ್ತು ವಿವರಗಳನ್ನು ಹಾರಾಟದ ನಿಯಮಗಳಿಗೆ ಒಡ್ಡಿದರು. ಭಾಷೆ ವೇದಕಾಲದ್ದಲ್ಲ, ಗ್ರಂಥ 1904ಕ್ಕಿಂತ ಹಳೆಯದಲ್ಲ, ಆ ವಿಮಾನಗಳು ಹಾರಲಾರವು ಎಂಬ ನಿರ್ಣಯಕ್ಕೆ ಬಂದು, ಕಾರಣಗಳ ಸಮೇತ ಪ್ರಕಟಿಸಿದರು. ಹೆನ್ಸ್‌ಲೋ ಅವರ ನಿಯಮ ಕೇಳುವುದು ಇದನ್ನೇ. ಮುಂಬಯಿಯ ಗೋಷ್ಠಿಯಲ್ಲಿ ಆ ಪ್ರಬಂಧವನ್ನು ಮೊದಲು ಮೇಜಿನ ಮೇಲೆ ಇಟ್ಟು ಚರ್ಚೆ ಆರಂಭಿಸಿದ್ದರೆ, ಪ್ರಾಚೀನ ಭಾರತದ ನಿಜವಾದ ಸಾಧನೆಗಳಿಗೂ ಗೌರವ ಉಳಿಯುತ್ತಿತ್ತು. ಆರ್ಯಭಟ, ಭಾಸ್ಕರಾಚಾರ್ಯರ ಗಣಿತವನ್ನು ಇಂದಿಗೂ ಯಾರು ಬೇಕಾದರೂ ಲೆಕ್ಕ ಮಾಡಿ ಪರೀಕ್ಷಿಸಬಹುದು. ಅದರ ಹಿರಿಮೆ ನಿಂತಿರುವುದು ಅಲ್ಲೇ.

ನಿಮ್ಮ ಶಾಲೆ ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಗಳು ನಡೆಯುತ್ತವೆ. ಚುಚ್ಚುಮಾತಿಗೆ ಚಪ್ಪಾಳೆ ಬೀಳುವುದನ್ನೂ, ಮೆಲುದನಿಯಲ್ಲಿ ಹೇಳಿದ ಸತ್ಯ ಹಿಂದಿನ ಸಾಲಿಗೆ ತಲಪದೆ ಹೋಗುವುದನ್ನೂ ನೀವು ಕಂಡಿರುತ್ತೀರಿ. ಮುಂದಿನ ಬಾರಿ ಯಾರಾದರೂ ವಿಜ್ಞಾನದ ಹೆಸರಿನಲ್ಲಿ ಮಾತನಾಡಿದಾಗ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇವರು ಹೇಳುವುದನ್ನು ಇನ್ನೊಬ್ಬರು ಪರೀಕ್ಷಿಸಿ ನೋಡಲು ಸಾಧ್ಯವೇ? ಪ್ರಶ್ನೆ ಕೇಳಲು ಇಲ್ಲಿ ಅವಕಾಶವಿದೆಯೇ? ತಪ್ಪೆಂದು ತೋರಿಸಿದರೆ ಇವರು ಹಿಂದೆಗೆಯುವರೇ? ಕೇಳುವಾಗ ಮಾತನಾಡುವವರ ಧರ್ಮವನ್ನೂ ಪದವಿಯನ್ನೂ ನೋಡಬೇಕಾಗಿಲ್ಲ. ಇದೇ ಪ್ರಶ್ನೆಗಳನ್ನು ನಿಮಗೆ ಪ್ರಿಯವಾದ ಪಕ್ಷಕ್ಕೂ ಕೇಳಬೇಕು, ಕಷ್ಟವಿರುವುದು ಅಲ್ಲೇ.

ಆಕ್ಸ್‌ಫರ್ಡ್ ಸಭೆ ನಡೆದು ಒಂದು ವರ್ಷ ತುಂಬುವುದರೊಳಗೆ, 1861ರ ಮೇ ತಿಂಗಳಲ್ಲಿ, ಹೆನ್ಸ್‌ಲೋ ತೀರಿಕೊಂಡರು. ಶಿಷ್ಯನ ಸಿದ್ಧಾಂತವನ್ನು ಅವರು ಕೊನೆಗೂ ಪೂರ್ತಿಯಾಗಿ ಒಪ್ಪಲಿಲ್ಲ. ಆದರೆ ಅದರ ಮೇಲೆ ನ್ಯಾಯವಾದ ಚರ್ಚೆ ನಡೆಯುವಂತೆ ನೋಡಿಕೊಂಡರು.